ಮೊಣಕಾಲುದ್ದಕ್ಕೆ ಸವರಿದ ಮಲ್ಲಿಗೆ

“ಸೊಪ್ಪೇನೋ ಬಂತಪ್ಪ ಗಾದ್ರಪ್ಪ, ಹೂವೆಲ್ಲಿ? ನಲವತ್ತು ದಿನ ಅಂದಿದ್ದೆ. ಇವತ್ತಿಗೆ ನಲವತ್ತು.”

ಚಳ್ಳಕೆರೆಯ ತಮ್ಮ ಮನೆಯಂಗಳದಲ್ಲಿ, ಇನ್ನೂ ಬೆಳಕು ಸರಿಯಾಗಿ ಹರಿಯದ ಹೊತ್ತಿನಲ್ಲಿ, ಕಮಲಾಕ್ಷಮ್ಮ ಕಾಫಿ ಲೋಟ ಹಿಡಿದು ನಿಂತಿದ್ದಾರೆ. ನಿವೃತ್ತ ಶಿಕ್ಷಕಿ, ಎಣಿಕೆ ತಪ್ಪುವವರಲ್ಲ. ಐವತ್ತೆಂಟರ ಗಾದ್ರಪ್ಪ ದುಂಡುಮಲ್ಲಿಗೆ ಗಿಡದ ಮುಂದೆ ಒಂದು ಮೊಣಕಾಲೂರಿ ಕೂರುತ್ತಾರೆ. ಇನ್ನೊಂದು ಮಡಚುವುದಿಲ್ಲ.

ಗಿಡ ಕಮಲಾಕ್ಷಮ್ಮನವರ ಅತ್ತೆ ನೆಟ್ಟದ್ದು. ಎರಡು ವರ್ಷದಿಂದ ಬರೀ ಸೊಪ್ಪು. ಸಂಕ್ರಾಂತಿ ಕಳೆದ ಮೇಲೆ ಗಾದ್ರಪ್ಪ ಅದನ್ನು ಮೊಣಕಾಲುದ್ದಕ್ಕೆ ಸವರಿ, ಉಳಿದ ಎಲೆಯನ್ನೂ ಕೈಯಿಂದ ಬಿಡಿಸಿ, ಬೋಳು ಕಡ್ಡಿಗಳನ್ನಷ್ಟೇ ಬಿಟ್ಟಾಗ ಕಮಲಾಕ್ಷಮ್ಮ ಹೌಹಾರಿದ್ದರು. ಈ ಸಲವೂ ಹೂ ಬಿಡದಿದ್ದರೆ ಗಿಡ ಕಿತ್ತು ಅಲ್ಲೇ ನೀರಿನ ಸಂಪು ಎಂದು ಅವರ ಮಗ ಹಟ ಹಿಡಿದಿದ್ದಾನೆ. ಗುಂಡಿಯ ಗುರುತಿಗೆ ಗಿಡದ ಸುತ್ತ ಸುಣ್ಣದ ಪುಡಿಯ ಗೆರೆಯೂ ಬಿದ್ದಿದೆ. ಗುಂಡಿ ತೋಡುವವರು ಬರುವುದು ನಾಳೆ.

ನನ್ನಿವಾಳ ಹಳ್ಳಿಯ ಗಾದ್ರಪ್ಪ ಮೂವತ್ತು ವರ್ಷ ಕುರಿ ಕಾಯ್ದವರು. ಬಂಡೆಯಿಂದ ಜಾರಿ ಮೊಣಕಾಲು ಕೆಟ್ಟ ಮೇಲೆ ಮಂದೆಯ ಹಿಂದೆ ನಡೆಯುವುದು ಆಗಲಿಲ್ಲ. ಒಂಬತ್ತು ವರ್ಷದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ದಿನಕ್ಕೆ ಮೂರೋ ನಾಲ್ಕೋ ಮನೆಯ ದಾಸವಾಳ, ಗುಲಾಬಿ, ಕಾಗದದ ಹೂವಿನ ಗಿಡ ಸವರುತ್ತಾರೆ.

“ಈ ವಿದ್ಯೆ ಕಲಿಸಿದ್ದು ಕುರಿ,” ಎನ್ನುತ್ತಾರೆ. “ಒಂದ್ಸಲ ಮಲ್ಲಿಗೆ ಹೊಲಕ್ಕೆ ನುಗ್ಗಿ ಎರಡು ಸಾಲು ಬೋಳು ಮಾಡಿದ್ವು. ಹೊಲದೋರು ಕಂಡಂಗೆ ಬೈದ್ರು. ಆಮೇಲೆ ನೋಡಿದ್ರೆ ಆ ಸಾಲೇ ಜಾಸ್ತಿ ಹೂ ಬಿಟ್ಟೈತೆ! ಮಾರನೇ ವರ್ಷ ಅವರೇ ಬಂದು ಕುರಿ ಬಿಡಪ್ಪ ಅಂದ್ರು.”

ಕಲಿತದ್ದೆಲ್ಲ ಪೇಟೆಗೆ ಒಗ್ಗಲಿಲ್ಲ. ಈ ಮನೆಗೆ ಬಂದ ಮೊದಲ ದಿನ ದಾಸವಾಳದ ಕೊಂಬೆಗಳನ್ನು ಅರ್ಧಕ್ಕೆ ಕಡಿದು, ತೊಗಟೆಯಲ್ಲಿ ನೇತಾಡುವಂತೆ ಬಿಟ್ಟಿದ್ದರು. ಕುರಿಗಳ ಬಾಯಿಗೆ ಎಟುಕಲೆಂದು ಅಡವಿಯಲ್ಲಿ ಹಾಗೇ ಕಡಿಯುವುದು.

“ಯಾವ ಕುರಿಗಪ್ಪ ಇದು ಅಂತ ಕೇಳಿದೆ,” ಕಮಲಾಕ್ಷಮ್ಮ ಈಗಲೂ ನಗುತ್ತಾರೆ.

“ರೂಢಿ ಬಿದ್ದ ಕೈ ಕೇಳಬೇಕಲ್ಲ ಟೀಚರಮ್ಮ!”

ಮಾತಾಡುತ್ತಲೇ ಅವರ ಬೆರಳು ಚಿಗುರನ್ನು ಒಂದೊಂದಾಗಿ ಸರಿಸುತ್ತಿದೆ. ಒಂದು ಕಡೆ ನಿಲ್ಲುತ್ತದೆ.

“ಬಗ್ಗಿ ನೋಡ್ರಿ. ಎಲೆ ಮರೇಲಿ.”

ಕಮಲಾಕ್ಷಮ್ಮ ಕನ್ನಡಕ ಏರಿಸಿ ಬಗ್ಗುತ್ತಾರೆ. ಜೋಳದ ಕಾಳಿನಷ್ಟು ಹಸಿರು ಮೊಗ್ಗು. ಪಕ್ಕದ ಕುಡಿಯಲ್ಲಿ ಮೂರು. ಬುಡದ ಹತ್ತಿರ ಇನ್ನೂ ಐದು.

“ಅಬ್ಬಾ! ಎಷ್ಟು ಹೆದರಿಸಿಬಿಟ್ಯಲ್ಲಪ್ಪ.”

“ನಂಗೂ ನಿದ್ದೆ ಇರ್ಲಿಲ್ಲರಿ. ಕುರಿ ಮೇದಿದ್ರೆ ತಪ್ಪು ಕುರಿ ಮೇಲೆ ಹಾಕ್ಬೋದಿತ್ತು. ಇದು ನನ್ ಕತ್ತರಿ.”

“ಏನು ಕೊಡ್ಲಿ ಹೇಳು.”

ಗಾದ್ರಪ್ಪ ಮುಳ್ಳು ತರಚಿದ ಅಂಗೈ ನೋಡಿಕೊಳ್ಳುತ್ತಾರೆ. “ಹೂ ಬಿಟ್ಟಾಗ ನನ್ ಹೆಂಡ್ತಿ ಪಾಪಕ್ಕಂಗೆ ಒಂದು ಮೊಳ ಕೊಡ್ರಿ. ನಾ ಹೂವಿನ ಕೆಲ್ಸಕ್ಕೆ ಹೋಗ್ತೀನಿ ಅಂತ ಹೆಸ್ರು. ಅವಳಿಗೆ ಸಿಕ್ಕಿದ್ದು ಮಾತ್ರ ನನ್ ಕೈಯಾಗಿನ ಮುಳ್ಳು ಕೀಳೋದು.”

“ಮೊದಲ್ನೇ ಮೊಳ ಪಾಪಕ್ಕಂದೇ.”

ಕಾಫಿ ಲೋಟ ಗಾದ್ರಪ್ಪನವರ ಕೈಗೆ ಕೊಟ್ಟು, ಕಮಲಾಕ್ಷಮ್ಮ ತಾವೇ ಬಿಂದಿಗೆ ತಂದು ಬುಡಕ್ಕೆ ನೀರು ಹುಯ್ಯುತ್ತಾರೆ. ನೀರು ಪಾತಿ ತುಂಬಿ, ಉಕ್ಕಿ, ಸುಣ್ಣದ ಗೆರೆಯನ್ನು ಕರಗಿಸಿಕೊಂಡು ಹರಿಯುತ್ತದೆ.