ಮೇಲಿನಹಟ್ಟಿಯ ಸೂರು, ಲತಾಮಣಿಯ ಮಾತು

ಅರಸೀಕೆರೆ ರೈಲು ನಿಲ್ದಾಣದ ಎದುರಿನ ಟೀ ಅಂಗಡಿಯ ಬಾಗಿಲು ಇನ್ನೂ ಅರ್ಧವೇ ತೆರೆದಿದೆ. ಪಕ್ಕದಲ್ಲಿ ನಿಂತ ಆಟೋದ ನೆತ್ತಿಗೆ ಅದನ್ನು ಓಡಿಸುವ ಚಿದಂಬರ ಮೈಕು ಬಿಗಿಯುತ್ತಿದ್ದಾರೆ. ಆಟೋದೊಳಗೆ ಕೂತ ಲತಾಮಣಿ ಮೆಣಸಿನ ಕಷಾಯ ಗುಟುಕರಿಸುತ್ತಾ ಕೈಯಲ್ಲಿರುವ ಚೀಟಿಯನ್ನು ಗಟ್ಟಿಯಾಗಿ ಓದುತ್ತಾರೆ. ಮೈಕಿಗಲ್ಲ, ಚಿದಂಬರ ಅವರಿಗೆ. “ಮೂಲಸೌಕರ್ಯ ಅಂದ್ರೆ ಏನಕ್ಕಾ?” ಅಂತ ಅವರೇನಾದರೂ ಕೇಳಿದರೋ, ಆ ಚೀಟಿ ಅಲ್ಲೇ ಫೇಲು! ಬರೆದುಕೊಟ್ಟವರಿಗೆ ತಕ್ಷಣ ಫೋನು ಹೋಗುತ್ತದೆ. “ಚರಂಡಿನೋ, ಬೀದಿದೀಪನೋ? ಯಾವುದು ಅಂತ ಹೇಳ್ಬಿಡಿ ಸಾರ್, ಅದನ್ನೇ ಕೂಗ್ತೀನಿ.”

ಕೂಗುವುದು ಇವರ ಕಸುಬು. ಚುನಾವಣೆ ಬಂದರೆ ಪ್ರಣಾಳಿಕೆ, ಇಲ್ಲದಾಗ ಪಂಚಾಯಿತಿಯ ಪ್ರಕಟಣೆ, ಸಂಘದವರ ಹಕ್ಕೊತ್ತಾಯ, ಲಸಿಕೆ ಶಿಬಿರ. ಒಂದು ದಿನ ಕಣಕಟ್ಟೆ ಕಡೆ, ಮರುದಿನ ಅರೇಹಳ್ಳಿ ಕಡೆ. ಹಳೇಬೀಡಿನ ದೇವಸ್ಥಾನದ ಮುಂದೆ ಮಾತ್ರ ಬಾಯಿಗೆ ಬೀಗ, ಗೈಡುಗಳು ಬೈಯುತ್ತಾರಂತೆ. “ಪೇಪರ್‌ನೋರು ಪ್ರಣಾಳಿಕೆ, ಹಕ್ಕೊತ್ತಾಯ ಅಂತ ಏನೇನೋ ಹೆಸರು ಬರೀತೀರಿ. ಹಳ್ಳೀಲಿ ಒಂದೇ ಹೆಸರು, ‘ಲತಾಮಣಿ ಹೇಳಿದ್ದು’ ಅಂತ. ಭಯ ಆಗೋದೇ ಅದಕ್ಕೆ ಸಾರ್,” ಎಂದು ನಗುತ್ತಾರೆ.

ಬಾಣಾವರಕ್ಕೆ ಮದುವೆಯಾಗಿ ಹೋದವರು, ಗಂಡ ತೀರಿಕೊಂಡ ಮೇಲೆ ಅರಸೀಕೆರೆಗೆ ವಾಪಸು ಬಂದರು. ಮೈಕ್‌ಸೆಟ್ ಅಂಗಡಿಯೊಂದರಲ್ಲಿ ವೈರು ಸುತ್ತುವ ಕೆಲಸ ಸಿಕ್ಕಿತು. ಒಂದು ಚುನಾವಣೆಯ ನಡುವೆ ಕೂಗುವವನ ಗಂಟಲು ಕಟ್ಟಿತು, ಬೇರೆ ಯಾರೂ ಸಿಗಲಿಲ್ಲ, ಮೈಕು ಇವರ ಕೈಗೆ ಬಂತು. “ಹೆಂಗಸಿನ ದನಿಗೆ ಯಾರು ಓಟು ಹಾಕ್ತಾರೆ?” ಅಂತ ಹಂಗಿಸಿದವರೇ ಆಮೇಲೆ ಇವರ ಮನೆ ಬಾಗಿಲಿಗೆ ಬಂದರು. ಆದರೆ ಲತಾಮಣಿ ಒಂದು ಹಟ ಹಿಡಿದಿದ್ದಾರೆ. “ಇವರಿಗೇ ಓಟು ಹಾಕಿ ಅಂತ ನಾನು ಅನ್ನಲ್ಲ. ಏನು ಮಾಡ್ತೀವಿ ಅಂದವ್ರೋ ಅಷ್ಟೇ ಹೇಳೋದು. ಬೆಳಗ್ಗೆ ಈ ಬಣದ್ದು, ಮಧ್ಯಾಹ್ನ ಆ ಬಣದ್ದು. ಆಯ್ಕೆ ನಿಮ್ದು ಕಣ್ರಪ್ಪಾ ಅಂತೀನಿ.”

ಇಷ್ಟು ಕಟ್ಟುನಿಟ್ಟಿನ ಹೆಣ್ಣುಮಗಳೂ ಎಡವಿದ್ದುಂಟು. ಕಳೆದ ಪಂಚಾಯಿತಿ ಚುನಾವಣೆಯಲ್ಲಿ ಒಂದು ಬಣದವರು ಊರಿಗೊಂದರಂತೆ ಭರವಸೆಯ ಚೀಟಿ ಕೊಟ್ಟಿದ್ದರು. ಬಸ್ ಸ್ಟಾಪಿಗೆ ಸೂರು ಹಾಕಿಸುವ ಮಾತು ಕೆಳಗಿನಹಟ್ಟಿಗೆ ಸೇರಿದ್ದು. ಅವಸರದಲ್ಲಿ ಚೀಟಿ ಅದಲುಬದಲಾಗಿ, ಲತಾಮಣಿ ಅದನ್ನು ಮೇಲಿನಹಟ್ಟಿಯ ಅರಳಿಕಟ್ಟೆ ಮುಂದೆ ಓದಿಬಿಟ್ಟರು. ಬಸ್ಸಿಗೆ ಕಾದು ಬಿಸಿಲಲ್ಲಿ ನಿಂತು ನಿಂತು ಬೇಸತ್ತಿದ್ದ ಹೆಂಗಸರು ಚಪ್ಪಾಳೆ ಹೊಡೆದರಂತೆ. ಆ ಬಣ ಗೆದ್ದಿತು. ಮೇಲಿನಹಟ್ಟಿಯವರು ಕೇಳಲು ಹೋದರೆ, “ನಿಮ್ಮೂರಿಗೆ ನಾವು ಆ ಮಾತು ಕೊಟ್ಟೇ ಇಲ್ಲವಲ್ಲ,” ಎಂದರು.

ಆಮೇಲೆ ಲತಾಮಣಿ ಅದೇ ಊರಿಗೆ ಹೋದದ್ದು ಕಾಲುಬಾಯಿ ಜ್ವರದ ಲಸಿಕೆ ಸಾರಲು. ಸುತ್ತಮುತ್ತ ದನಗಳು ಕಾಯಿಲೆ ಬೀಳುತ್ತಿದ್ದ ಕಾಲ. ಅರಳಿಕಟ್ಟೆ ಮೇಲಿಂದ ಹುಚ್ಚಮ್ಮ ಎಂಬ ಹಿರಿಯ ಹೆಂಗಸು ಎದ್ದು ಬಂದು ಆಟೋಗೆ ಅಡ್ಡ ನಿಂತರು. “ಸೂರು ಅಂದ್ಯಲ್ಲವ್ವ, ಎಲ್ಲೈತೆ ತೋರ್ಸು! ಸುಳ್ಳು ಹೇಳೋ ಬಾಯಿನ ನಂಬ್ಕಂಡು ನಾವು ದನ ಹೊಡ್ಕಂಡು ಬರಲ್ಲ.”

“ನನ್ನ ಜೀವ ಹೋದಂಗಾಯ್ತು ಸಾರ್,” ಎನ್ನುವಾಗ ಲತಾಮಣಿಯ ಕಣ್ಣಲ್ಲಿ ಈಗಲೂ ನೀರು. “ನನ್ನ ಬೈದ್ರೆ ಬೈಲಿ. ನನ್ನ ದೆಸೆಯಿಂದ ಒಂದು ಹಸು ಸತ್ರೂ ನಾನು ಮತ್ತೆ ಮೈಕು ಮುಟ್ಟಂಗಿಲ್ಲ.” ಚಿದಂಬರ “ಬಾರಕ್ಕಾ, ಹೋಗೋಣ” ಎಂದರೂ ಕೇಳದೆ ಅವರು ಮೈಕು ಹಾಕಿಸಿದರು. ಇಡೀ ಊರಿಗೆ ಕೇಳುವಂತೆ ಹೇಳಿದರು: “ಸೂರಿನ ಮಾತು ಪಕ್ಕದೂರದ್ದು. ತಪ್ಪು ಓದಿದೋಳು ನಾನು, ನನ್ನ ಬೈಯ್ರಿ. ಲಸಿಕೆ ಮಾತು ನಿಜ. ದನ ಹೊಡ್ಕಂಡು ಬನ್ರವ್ವಾ.” ಮೊದಲು ತಮ್ಮ ಹಸುವಿನ ಹಗ್ಗ ಬಿಚ್ಚಿದವರು ಹುಚ್ಚಮ್ಮನೇ. ಅವರ ಹಿಂದೆ ಊರೇ ಬಂತು.

ಎಂಥ ಎದೆಗಾರಿಕೆ ನೋಡಿ! ತಾವೇ ಕೂಗಿದ್ದನ್ನು ತಾವೇ ತಪ್ಪೆಂದು ಮೈಕಲ್ಲಿ ಹೇಳಿದ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ. ಅಷ್ಟಕ್ಕೇ ಕೈತೊಳೆದುಕೊಳ್ಳಲೂ ಇಲ್ಲ. ಗ್ರಾಮಸಭೆಗೆ ಮೇಲಿನಹಟ್ಟಿಯ ಹೆಂಗಸರ ಜೊತೆ ತಾವೂ ಹೋದರು, ಮೈಕು ಬಿಟ್ಟಿಯಾಗಿ ಕಟ್ಟಿಕೊಟ್ಟರು. ಹುಚ್ಚಮ್ಮ ಮಾತಾಡಿದರು. ಎರಡೂ ಊರಿಗೆ ಸೂರು ಎಂದು ಠರಾವಾಯಿತು.

ಇವತ್ತಿನ ಚೀಟಿ ಅದೇ. ಸೋಮವಾರ ಕೆಲಸ ಶುರು ಎಂಬ ಪ್ರಕಟಣೆ. ಆಟೋ ಮೇಲಿನಹಟ್ಟಿ ಮುಟ್ಟುವಾಗ ಎಳೆಬಿಸಿಲು. ಲತಾಮಣಿಯ ಹೊಸ ಪದ್ಧತಿಯಂತೆ ಚೀಟಿ ಮೊದಲು ಊರವರೊಬ್ಬರ ಕೈಗೆ ಹೋಗಬೇಕು. ಇಲ್ಲಿ ಹುಚ್ಚಮ್ಮನ ಮೊಮ್ಮಗಳು ಬಿಂದುಶ್ರೀ ಓದಿ, “ನಮ್ಮೂರ್ದೇ ಕಣಜ್ಜಿ” ಎನ್ನುತ್ತಾಳೆ. ಆಮೇಲೆಯೇ ಮೈಕು ಆನ್.

ಕೂಗಿ ಮುಗಿಸಿದಾಗ ಹುಚ್ಚಮ್ಮ ಚಪ್ಪಾಳೆ ಹೊಡೆಯಲಿಲ್ಲ. “ಕೇಳುಸ್ಕಂಡ್ವಿ ಬಿಡವ್ವ. ಸೂರು ಎದ್ದ ದಿನ ಬಾ. ಅವತ್ತು ಮೈಕು ನಾನು ಹಿಡಿತೀನಿ,” ಎಂದರು.

ಹಿಂತಿರುಗುವ ದಾರಿಯಲ್ಲಿ, ನಿಮಗೇನು ಆಸೆ ಎಂದು ಕೇಳಿದೆ. ಲತಾಮಣಿ ಫ್ಲಾಸ್ಕಿನಲ್ಲಿ ಉಳಿದ ಕಷಾಯ ಬಗ್ಗಿಸಿಕೊಂಡರು.

“ಅವತ್ತು ಆ ಸೂರಿನ ಕೆಳಗೆ ಕೂತ್ಕಂಡು ಹುಚ್ಚಮ್ಮ ಹೇಳೋದ ಕೇಳ್ಬೇಕು ಸಾರ್. ನಾನು ಬಾಯಿ ಬಿಡಲ್ಲ.”