ತಾರಿನ ಚನಬಸಪ್ಪನವರ ಸಾಣೆಗಾಲಿ

ಯಂತ್ರದ ಮುಂದೆ ನಿಲ್ಲುವ ಮೊದಲು ಚನಬಸಪ್ಪನವರು ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಬನಿಯನ್ನಿನೊಳಗೆ ಇಳಿಸಿ, ಅದರ ದಾರವನ್ನು ಸೇಫ್ಟಿ ಪಿನ್ನಿನಿಂದ ಬನಿಯನ್ನಿಗೆ ಚುಚ್ಚಿಕೊಳ್ಳುತ್ತಿದ್ದರು. ಆಮೇಲೆ ಕೈಗಡಿಯಾರ ಬಿಚ್ಚಿ ಮೊಳೆಗೆ ತೂಗುಹಾಕುವರು. ಉಟ್ಟ ಧೋತರ ಕಳೆದು ಖಾಕಿ ಚಡ್ಡಿ ಏರಿಸುವರು. ಐವತ್ತರ ಹತ್ತಿರದ ಮನುಷ್ಯ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಚಡ್ಡಿಯಲ್ಲಿ ನಿಂತದ್ದನ್ನು ಕಂಡು ಮೊದಲ ದಿನ ನನಗೆ ನಗು ತಡೆಯಲಾಗಲಿಲ್ಲ.

"ನಗ್ರಿ ಸರ, ನಗ್ರಿ. ಈ ದಾರ ಒಂದ ಸಲ ಡ್ರಿಲ್ಲಿಗೆ ಸಿಕ್ತಂದ್ರ ಲಿಂಗದ ಜೋಡಿ ನನ್ನೂ ಎಳಕೊಂಡ ಹೊಕ್ಕೈತಿ. ಶಿವಾ ಬಿಟ್ಟರೂ ಮೋಟಾರ ಬಿಡೂದಿಲ್ಲ."

ಅಷ್ಟು ಅಂಜುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ಬೇರೆಯವರು ಕಸುಬು ಕಲಿಯುವಂತೆ ಅವರು ಅಂಜಿಕೆಯನ್ನು ಕಲಿತಿದ್ದರು.

ಬೈಲಹೊಂಗಲದ ಅಂಚೆ ಕಚೇರಿಯಲ್ಲಿ ಅವರು ತಂತಿ ಗುಮಾಸ್ತರು. ಊರಿಗೆಲ್ಲ ತಾರಿನ ಚನಬಸಪ್ಪ. ಸಂಜೆ ಮನೆಗೆ ಬಂದು ಒಂದು ವಾಟಗ ಚಹಾ ಕುಡಿದರೆಂದರೆ ಹಿತ್ತಲಿನ ತಗಡಿನ ಶೆಡ್ಡು ಸೇರುವರು. ಹಿಂದೆ ಅಲ್ಲಿ ಎಮ್ಮೆ ಕಟ್ಟುತ್ತಿದ್ದರು. ಈಗ ಅಲ್ಲಿ ಕಬ್ಬಿಣವನ್ನು ಕಚ್ಚಿ ಹಿಡಿಯುವ ಒಂದು ವೈಸು, ಗೋಡೆಯ ಉದ್ದಕ್ಕೂ ಸಾಲಾಗಿ ತೂಗಿದ ಅರಗಳು, ಚಾಣ, ಸುತ್ತಿಗೆ, ನಟ್ಟು ಬಿಚ್ಚುವ ಪಾನಾಗಳು, ಒಂದು ಡ್ರಿಲ್ಲು, ಹತ್ತಿ ಜಿನ್ನಿನಿಂದ ತಂದ ಹಳೇ ಮೋಟಾರಿಗೆ ಕೂಡಿಸಿದ ಸಾಣೆಗಾಲಿ. ಏನನ್ನೂ ಮಾರಲಿಕ್ಕೆ ಮಾಡುತ್ತಿರಲಿಲ್ಲ. ಹಿತ್ತಾಳೆಯಲ್ಲಿ ಒಂದು ಗೇಣುದ್ದದ ಉಗಿಯಂತ್ರ ಮಾಡುತ್ತಿದ್ದರು. ನಾನು ಹೋಗುವ ಹೊತ್ತಿಗೆ ಅದಕ್ಕೆ ಐದು ವರ್ಷವಾಗಿತ್ತು. "ಐದು ವರ್ಷ ಆತ್ರಿ ಸರ, ಇನ್ನಾ ಗಾಲೀನ ತಿರುಗಿಲ್ಲ. ನಾ ಆಗಿದ್ರ ಇಷ್ಟರಾಗ ಎರಡ ಹಡದು ದೊಡ್ಡವ್ರನ್ನ ಮಾಡತಿದ್ನಿ" ಎಂದು ಅವರ ಹೆಂಡತಿ ಗಂಗವ್ವ ಚಹಾ ಕೊಡುತ್ತ ಚಾಷ್ಟಿ ಮಾಡುವರು.

ನಾನು ಚಚಡಿ ಕಡೆಯವನು. ನಮ್ಮ ಕೇರಿಯಲ್ಲಿ ಮೊದಲು ಪದವಿ ಪಡೆದವನು ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಮಂದಿ ಹೊಲದಲ್ಲಿ ದುಡಿದ, ಅವ್ವ ಹತ್ತಿ ಬಿಡಿಸಿದಳು, ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದೆ. ಎಪ್ಪತ್ತರ ದಶಕದ ನಡುವಿನಲ್ಲಿ ಬೈಲಹೊಂಗಲದ ಒಂದು ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದೆ. ಶಾಲೆಯ ಪ್ರಯೋಗಶಾಲೆ ಎಂದರೆ ಒಂದು ಕಪಾಟು, ಅದರಲ್ಲಿ ಕುಂಟ ತಕ್ಕಡಿ. ರಾಟೆ, ಸನ್ನೆ, ಇಳಿಜಾರು ಹಲಗೆ ಎಲ್ಲ ನಾನೇ ಮಾಡಿಕೊಳ್ಳುವೆನೆಂದು ಹೊರಟವನಿಗೆ ಯಾರೋ ಈ ಶೆಡ್ಡು ತೋರಿಸಿದರು. ಚನಬಸಪ್ಪನವರು ನನ್ನ ಊರು ಕೇಳಿದರು, ಕೇರಿ ಕೇಳಲಿಲ್ಲ. ತಿಳಿಯದೆ ಅಲ್ಲ, ತಿಳಿದೇ ಕೇಳಲಿಲ್ಲ.

ಮೊದಲ ವಾರ ಅವರು ನನಗೆ ಒಂದು ಕೆಲಸವನ್ನೂ ಕೊಡಲಿಲ್ಲ. ಒಂದೊಂದೇ ಹತಾರವನ್ನು ನನ್ನ ಕೈಗಿಟ್ಟು ಒಂದೇ ಪ್ರಶ್ನೆ ಕೇಳುವರು: "ಇದು ನಿಮಗ ಏನ ಮಾಡಬಹುದು?"

ಹಿಡಿ ಇಲ್ಲದ ಅರ ಕೊಟ್ಟರು. ನಾನು ಅದರ ಹಲ್ಲಿನ ಬಗ್ಗೆ, ಘರ್ಷಣೆಯ ಬಗ್ಗೆ ಕಾಲೇಜಿನಲ್ಲಿ ಕಲಿತದ್ದೆಲ್ಲ ಒಪ್ಪಿಸಿದೆ.

"ನೀವು ಅದರಲೆ ಏನ ಮಾಡೂದು ಅನ್ನೂದ ಹೇಳಿದ್ರಿ. ಅದು ನಿಮಗ ಏನ ಮಾಡತೈತಿ?"

ಅವರು ಅರದ ಚೂಪಾದ ಬಾಲವನ್ನು ನನ್ನ ಅಂಗೈಗೆ ಮೆಲ್ಲಗೆ ಒತ್ತಿದರು. "ಅರ ವೈಸಿಗೆ ತಾಕಿ ಗಪ್ಪನ ನಿಂತರ, ಈ ಬಾಲ ಇಲ್ಲಿ ಹೊಕ್ಕು ಅಲ್ಲಿ ಹೊಂಡತೈತಿ. ಬಿ.ಎಸ್ಸಿ.ದಾಗ ಇದನ್ನ ಕಲಿಸಿಲ್ಲೇನ್ರಿ?"

ತೆಳುವಾದ ತಗಡಿಗೆ ತೂತು ಹಾಕುವಾಗ ಕೈಯಲ್ಲಿ ಹಿಡಿದರೆ ಅದು ಡ್ರಿಲ್ಲಿನ ಬರ್ಮಿಗೆ ಸಿಕ್ಕು ಕತ್ತಿಯಂತೆ ಸುತ್ತುತ್ತದೆ. ಕಾಸಿದ ಕಬ್ಬಿಣ ಕೆಂಪು ಆರಿ ಕಪ್ಪಾದಾಗಲೇ ಹೆಚ್ಚು ಮೋಸ, ತಣ್ಣಗಾಯಿತೆಂದು ಕೈ ಹಾಕುತ್ತೇವೆ. ಹೀಗೆ ಪ್ರತಿಯೊಂದು ಹತಾರಕ್ಕೂ ಒಂದು ಕಿಡಿಗೇಡಿತನ. ಅದನ್ನು ಬಾಯಿಪಾಠ ಮಾಡದೆ ಅವರು ಕೆಲಸ ಕೊಡುತ್ತಿರಲಿಲ್ಲ. ಒಮ್ಮೆ ಬೇಸರದಿಂದ ಕೇಳಿದೆ, "ಅಣ್ಣಾರ, ಇಷ್ಟ ಯಾಕ ಅಂಜತೀರಿ?"

ಅವರು ಗೋಡೆಯ ಕಡೆ ನೋಡುತ್ತ ಹೇಳಿದರು: "ಇಪ್ಪತ್ತೆರಡ ವರ್ಷ ಆತು ಸರ, ನಾ ತಾರ ಬರಕೊಳ್ಳಾಕ ಹತ್ತಿ. ಜಿನ್ನಿನಾಗ ಕೈ ಹೋತು. ಗಿರಣ್ಯಾಗ ಪಟ್ಟಾ ಎಳಕೊಂತು. ಬಾಯ್ಲರ ಹಾರಿತು. ಮನಿಯವ್ರಿಗೆ ತಿಳಿಯೂಕಿಂತ ಮೊದಲ ನನಗ ತಿಳೀತೈತಿ. ಅವ್ರ ಅಳೂದರಾಗ ನಾ ಊಟಕ್ಕ ಕುಂತಿರತೇನಿ. ಅಂಜದ ಏನ ಮಾಡ್ಲಿ?"

ಎಲ್ಲಕ್ಕಿಂತ ಹೆಚ್ಚು ಅವರು ಅಂಜುತ್ತಿದ್ದದ್ದು ಸಾಣೆಗಾಲಿಗೆ. ಅದು ಮೋಟಾರಿನ ಮೇಲೆ ತಿರುಗುವ ಕಲ್ಲು, ಒಂದು ತಾಟಿನಷ್ಟು ಅಗಲ. ಕಣ್ಣಿಗೆ ಕಾಣದ ಒಂದು ಬಿರುಕಿದ್ದರೂ ವೇಗದಲ್ಲಿ ಸಿಡಿದು ಹೋಳುಗಳು ಗುಂಡಿನಂತೆ ಹಾರುತ್ತವೆ. ಗಾಲಿಯನ್ನು ಮೋಟಾರಿಗೆ ಏರಿಸುವ ಮೊದಲು ಅವರು ಅದನ್ನು ಒಂದು ಬೆರಳಿಗೆ ತೂಗಿ, ಸ್ಕ್ರೂಡ್ರೈವರಿನ ಕಟ್ಟಿಗೆ ಹಿಡಿಯಿಂದ ಬಾರಿಸಿ ಕಿವಿ ಕೊಡುವರು. ಸಂತೆಯಲ್ಲಿ ಹೆಂಗಸರು ಗಡಿಗೆ ಬಾರಿಸಿ ಕೊಳ್ಳುತ್ತಾರಲ್ಲ, ಹಾಗೆ. ಗಟ್ಟಿ ಗಾಲಿ ಟಣ್ ಎನ್ನುತ್ತದೆ, ಬಿರಿದದ್ದು ತಪ್ ಎನ್ನುತ್ತದೆ. ಅದರ ಹಿಂಭಾಗಕ್ಕೆ ಕಬ್ಬಿಣದ ಟೊಪ್ಪಿಗೆ ಮಾಡಿಸಿದ್ದರು. ಮುಂದಿನ ಭಾಗ ತೆರೆದಿತ್ತು, ಅದು ಬಾಗಿಲಿನ ಕಡೆ ನೋಡುತ್ತಿತ್ತು. ಅದಕ್ಕೇ ಬಾಗಿಲು ಹಾಕಿ ಅಗಳಿ ಜಡಿದ ಮೇಲೆಯೇ ಪಕ್ಕದ ಗೋಡೆಗೆ ನಿಂತು ಸ್ವಿಚ್ಚು ಒತ್ತುವರು. ಒತ್ತಿ ನೂರು ಎಣಿಸುವ ತನಕ ಯಾರೂ ಗಾಲಿಯ ಎದುರು ಹಾಯುವಂತಿರಲಿಲ್ಲ.

ಎರಡನೇ ವರ್ಷದ ಖಂಡೆಪೂಜೆ ಬಂತು. ಮಹಾನವಮಿಯ ದಿನ ನಮ್ಮ ಕಡೆ ರೈತರು ಕುಡಗೋಲು, ನೇಗಿಲು ಪೂಜಿಸುತ್ತಾರೆ, ಚನಬಸಪ್ಪನವರು ಶೆಡ್ಡಿನ ಹತಾರಗಳನ್ನೆಲ್ಲ ಪೂಜಿಸುತ್ತಿದ್ದರು. ಅಂದು ಮುಂಜಾನೆ ಅವರಿಗೆ ಕಚೇರಿಯಲ್ಲಿ ಅರ್ಧ ದಿನದ ಪಾಳಿ ಇತ್ತು. "ಸರ, ಹತಾರ ಎಲ್ಲಾ ತೊಳದು ಇಡ್ರಿ. ಗಾಲಿ ಮಾತ್ರ ಬಿಚ್ಚಬ್ಯಾಡ್ರಿ, ನಾ ಬಂದ ಮ್ಯಾಲ ನೋಡೂಣು" ಎಂದು ನನಗೆ ಹೇಳಿದರು. ಪಕ್ಕದ ಮನೆಯ ಗೌಡರು ಕಟ್ಟೆಯ ಮೇಲಿನಿಂದಲೇ ಕೇಳಿದರು, "ಚನಬಸಪ್ಪ, ಪೂಜಿ ಸಾಮಾನ ಅಂವನ ಕೈಯಾಗ ಕೊಡ್ತಿ ಏನ?"

"ಗೌಡ್ರ, ನಿಮ್ಮ ಕೈಯಾಗ ಕೊಟ್ಟರ ಎರಡ ಪಾನಾ ಕಮ್ಮಿ ಬರ್ತಾವು" ಎಂದು ಅವರು ಸೈಕಲ್ ಹತ್ತಿ ಹೋದರು.

ಆ ಮಾತಿನಿಂದ ನನ್ನ ಎದೆ ಎಷ್ಟು ಉಬ್ಬಿತೆಂದರೆ ನಾನು ಹೇಳಿದ್ದಕ್ಕಿಂತ ಹೆಚ್ಚು ಮಾಡಲು ಹೊರಟೆ. ಅರಗಳನ್ನು ತಂತಿ ಬ್ರಶ್ಶಿನಿಂದ ತಿಕ್ಕಿದೆ, ವೈಸಿಗೆ ಎಣ್ಣೆ ಹಚ್ಚಿದೆ. ಸಾಣೆಗಾಲಿಯ ಹಿಂದಿನ ಕಂಬಿಗೆ ತುಕ್ಕು ಕಂಡಿತು. ನಟ್ಟು ಬಿಚ್ಚಿ ಗಾಲಿ ತೆಗೆದೆ. ಕೈಗೆ ಎಣ್ಣೆಯಿತ್ತು. ಗಾಲಿ ಜಾರಿ ಅಂಚು ಕೆಳಗಾಗಿ ಹಾಸುಗಲ್ಲಿನ ಮೇಲೆ ಬಿತ್ತು.

ಎತ್ತಿ ನೋಡಿದೆ. ಗೆರೆ ಇಲ್ಲ, ಚಕ್ಕೆ ಎದ್ದಿಲ್ಲ. ಬೆರಳಿಗೆ ತೂಗಿ ಬಾರಿಸಿದೆ. ನನ್ನ ಎದೆಯೇ ಅಷ್ಟು ಜೋರಾಗಿ ಬಡಿಯುತ್ತಿದ್ದಾಗ ಏನು ಕೇಳಿಸೀತು? ನನಗೆ ಬೇಕಾಗಿದ್ದ ಸದ್ದನ್ನೇ ಕೇಳಿದೆ. ಗಾಲಿ ಏರಿಸಿ ನಟ್ಟು ಬಿಗಿದು, ಒರೆಸಿ, ವಿಭೂತಿ ಎಳೆದೆ.

ಮಧ್ಯಾಹ್ನ ಅವರು ಬಂದು ಎಲ್ಲ ನೋಡಿ "ಶಭಾಶ್ ಸರ" ಅಂದರು. ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಕಟ್ಟೆಯ ಮೇಲೆ ಗೌಡರು ಎಲೆಅಡಿಕೆ ಹಾಕುತ್ತ ಕೂತಿದ್ದರು. ಬಿದ್ದದ್ದು ನನ್ನೊಬ್ಬನ ಕೈಯಿಂದ ಅಂತ ಅವರು ಅನ್ನುತ್ತಿರಲಿಲ್ಲ, ನನ್ನ ಕೇರಿಯ ಕೈಯಿಂದ ಅನ್ನುತ್ತಿದ್ದರು. ಹೀಗೆಂದು ಸಮಾಧಾನ ಮಾಡಿಕೊಂಡೆ. ಕಲ್ಲಿಗೆ ಕಲ್ಲು ತಾಕಿದರೆ ಏನೂ ಆಗದು ಎಂದು ಕೂಡ ಅಂದುಕೊಂಡೆ. ಪೂಜೆಗೆ ಕೂತಾಗ ಗಂಗವ್ವ ಗಾಲಿಗೆ ಕುಂಕುಮ ಹಚ್ಚಿದರು. ನನಗೆ ಆ ಕೆಂಪು ಬೊಟ್ಟಿನಿಂದ ಕಣ್ಣು ಕೀಳಲು ಆಗಲಿಲ್ಲ.

ಮರುದಿನ ದಶಮಿ. ಪೂಜೆಯ ಹತಾರಗಳನ್ನು ಅಂದು ಮುಂಜಾನೆ ಮೊದಲ ಸಲ ಕೆಲಸಕ್ಕೆ ಎತ್ತುವ ಪದ್ಧತಿ. ಗಾಲಿ ಮೊದಲ ಸುತ್ತು ತಿರುಗುವಾಗ ಮನೆಯ ಹೆಣ್ಣುಮಗಳು ಆರತಿ ಬೆಳಗಬೇಕು. ನಾನು ಬೇಗ ಹೋಗಿ ಅವರು ಒಬ್ಬರೇ ಇದ್ದಾಗ ಹೇಳಿಬಿಡುವೆನೆಂದು ಹೊರಟವನು ಬೀದಿಯ ಮೂಲೆಯಲ್ಲಿ ಎರಡು ಸಲ ತಿರುಗಿ ನಿಂತೆ. ಹೋಗುವಷ್ಟರಲ್ಲಿ ಅವರು ದಾರಕ್ಕೆ ಪಿನ್ನು ಚುಚ್ಚಿಕೊಂಡು ಸ್ವಿಚ್ಚಿನ ಹತ್ತಿರ ನಿಂತಿದ್ದರು. ನಾನು ಅವರ ಪಕ್ಕ ಗೋಡೆಗೆ ಆತು ನಿಂತೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು, ಹೊಸ್ತಿಲ ಮೇಲೆ ರಂಗೋಲಿ ಇತ್ತು. ಬಾಗಿಲು ತೆರೆದಿತ್ತು.

"ಬಾಗಲಾ ಹಾಕೂದಿಲ್ಲೇನ್ರಿ?" ಅಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಹಬ್ಬದಾಗ ತೋರಣದ ಬಾಗಲಾ ಹಾಕ್ತಾರೇನ್ರಿ ಸರ? ಇಕಿ ಆರತಿ ತರೂದೈತಲ್ಲ. ಗಾಲಿ ಏನು ಹೊಸಾದಲ್ಲ, ಮೊನ್ನಿ ತನಕ ತಿರುಗಿದ್ದ ಐತಿ" ಎಂದು ಸ್ವಿಚ್ಚು ಒತ್ತಿದರು.

ಮೋಟಾರು ಗುಂಯ್‌ಗುಟ್ಟಿತು. ಗಾಲಿಯ ಕುಂಕುಮದ ಬೊಟ್ಟು ಮೊದಲು ಉಂಗುರವಾಯಿತು, ಆಮೇಲೆ ಕಾಣದಾಯಿತು. ಮೋಟಾರಿನ ಕೆಳಗಿನ ಹಲಗೆ ಸಣ್ಣಗೆ ನಡುಗತೊಡಗಿತು. ಹಿತ್ತಲ ಆ ತುದಿಯಿಂದ ಗಂಗವ್ವ ತಾಟಿನಲ್ಲಿ ದೀಪ ಹಿಡಿದು, ಗಾಳಿಗೆ ಆರದಂತೆ ಒಂದು ಕೈ ಅಡ್ಡ ಹಿಡಿದು, ನೇರ ಬಾಗಿಲ ಕಡೆ ಬರುತ್ತಿದ್ದರು.

"ಅಣ್ಣಾರ, ಗಾಲಿ ಬಿದ್ದಿತ್ತರಿ! ನಿನ್ನೆ ನನ್ನ ಕೈಯಾಗಿಂದ ಬಿತ್ತರಿ!"

ಅವರು ನನ್ನ ಕಡೆ ತಿರುಗಲಿಲ್ಲ. ಸ್ವಿಚ್ಚು ಆರಿಸಿದರು. ಆದರೆ ಸಾಣೆಗಾಲಿ ಸ್ವಿಚ್ಚಿನ ಮಾತು ಕೂಡಲೇ ಕೇಳುವುದಿಲ್ಲ, ತನ್ನ ಭಾರಕ್ಕೆ ತಾನೇ ಬಹಳ ಹೊತ್ತು ತಿರುಗುತ್ತದೆ. "ನಿಂದರ! ಅಲ್ಲೇ ನಿಂದರ!" ಎಂದು ಕೂಗಿದರು. ಆ ಸದ್ದಿನಲ್ಲಿ ಗಂಗವ್ವನಿಗೆ ಏನು ಕೇಳಿಸಿತೋ, ತಡವಾಯಿತೆಂದು ಗದರಿದರೆಂದುಕೊಂಡು ಕಾಲು ಬೇಗ ಬೇಗ ಹಾಕಿದರು. ಹೊಸ್ತಿಲಿಗೆ ನಾಲ್ಕು ಹೆಜ್ಜೆ.

ನೂರು ಎಣಿಸದೆ ಯಾರನ್ನೂ ಹಾಯಗೊಡದ ಆ ಮನುಷ್ಯ ಗಾಲಿಯ ಎದುರಿಗೇ ಓಡಿದರು. ಬೆನ್ನನ್ನು ಗಾಲಿಗೆ ಕೊಟ್ಟು, ಎರಡೂ ಕೈಯಿಂದ ಹೆಂಡತಿಯನ್ನು ದೂಡಿಕೊಂಡು ಬಾಗಿಲ ಬದಿಗೆ ಬಿದ್ದರು. ತಾಟು ಹಾರಿ ಕಲ್ಲಿನ ಮೇಲೆ ಉರುಳಿತು. ನಾನು ಗೋಡೆಗೆ ಬೆನ್ನು ಹಚ್ಚಿ ನಿಂತವನು ನಿಂತೇ ಇದ್ದೆ.

ಗಾಲಿ ಸಿಡಿಯಲಿಲ್ಲ. ಗುಂಯ್ ಎನ್ನುವುದು ಗೊರಗೊರ ಆಗಿ, ಕುಂಕುಮದ ಉಂಗುರ ಮತ್ತೆ ಬೊಟ್ಟಾಗಿ, ಒಂದು ಸಲ ಹಿಂದಕ್ಕೆ ತೂಗಿ ನಿಂತಿತು.

"ಏನಾತ್ರೀ? ದೀಪಾ ಆರಿತಲ್ಲ, ಹಬ್ಬದ ದಿನಾ..." ಗಂಗವ್ವನ ದನಿ ಅಳುವಂತಾಗಿತ್ತು. ಗೌಡರು ಗೋಡೆಯ ಮೇಲಿನಿಂದ ಇಣುಕಿದ್ದರು.

"ನನ್ನ ಕಾಲ ಜಾರಿತು" ಅಂದರು ಚನಬಸಪ್ಪನವರು. "ಹೋಗು, ಇನ್ನೊಂದ ದೀಪಾ ಹಚ್ಚಕೊಂಡ ಬಾ. ಅವಸರಿಲ್ಲ."

ಆಕೆ ಹೋದ ಮೇಲೆ ಅವರು ಗಾಲಿ ಬಿಚ್ಚಿ, ಬೆರಳಿಗೆ ತೂಗಿ ಬಾರಿಸಿದರು. ತಪ್. ನನಗೂ ಈ ಸಲ ಸ್ಪಷ್ಟ ಕೇಳಿಸಿತು. ಅದನ್ನು ಹಾಸುಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ಮಣ್ಣಿನ ಹೆಂಚಿನಂತೆ ಮೂರು ಹೋಳಾಯಿತು. ಸುತ್ತಿಗೆ ಕೆಳಗಿಟ್ಟು ಕೈಯನ್ನು ಚಡ್ಡಿಯ ಕಿಸೆಯಲ್ಲಿ ಇಟ್ಟುಕೊಂಡರು.

"ನಿನ್ನಿಯಿಂದ ಅಂಜಿಕಿ ಇತ್ತಲ್ಲ ನಿಮಗ?"

"ಇತ್ತರಿ."

"ಯಾರಿಗೆ ಅಂಜಿದ್ರಿ?"

"ನಿಮಗರಿ. ಗೌಡರಿಗೆ."

"ನಾ ಭಾಳ ಅಂದ್ರ ಎರಡ ಮಾತ ಬೈತಿದ್ನಿ. ಗೌಡ ನಾಕ ಮಾತ ಆಡ್ತಿದ್ದ. ಗಾಲಿ ಬೈಯೂದಿಲ್ಲರಿ ಸರ." ಹೋಳುಗಳನ್ನು ಆರಿಸಿ ಮೂಲೆಗಿಟ್ಟು ಅಂದರು, "ಸ್ವಲ್ಪ ದಿನಾ ಈ ಕಡೆ ಬರಬ್ಯಾಡ್ರಿ."

ಅಂದು ಸಂಜೆ ಊರೆಲ್ಲ ಬನ್ನಿ ಎಲೆ ಹಂಚಿಕೊಂಡು ಕೈಮುಗಿಯುವಾಗ ನಾನು ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಒಂದು ತಿಂಗಳು ಆ ಓಣಿಗೆ ಕಾಲಿಡಲಿಲ್ಲ. ಪಾಠ ಮಾಡುವಾಗ ಹಲಗೆಯ ಮೇಲೆ ವೃತ್ತ ಬರೆದರೂ ಗಂಗವ್ವನ ಆ ನಾಲ್ಕು ಹೆಜ್ಜೆ ಕಣ್ಣ ಮುಂದೆ ಬರುತ್ತಿದ್ದವು. ಅದಕ್ಕೂ ಹೆಚ್ಚಿನ ಅಂಜಿಕೆ ಇನ್ನೊಂದಿತ್ತು: ಕೇರಿ ಕೇಳದೆ ನನ್ನನ್ನು ಒಳಗೆ ಕರೆದ ಒಂದೇ ಬಾಗಿಲನ್ನು ನಾನೇ ಮುಚ್ಚಿಕೊಂಡೆನೇ ಎಂದು.

ಕಾರ್ತಿಕದ ಒಂದು ಮಧ್ಯಾಹ್ನ ಅವರು ಶಾಲೆಯ ಅಂಗಳಕ್ಕೆ ಸೈಕಲ್ ಒತ್ತಿಕೊಂಡು ಬಂದರು. ಕೋಟಿನ ಕಿಸೆಯಿಂದ ಒಣಗಿ ಪುಡಿಯಾದ ಬನ್ನಿ ಎಲೆ ತೆಗೆದು ನನ್ನ ಅಂಗೈಗೆ ಹಾಕಿದರು. "ನಿಮ್ಮ ಬನ್ನಿ ನನ್ನ ಕಡೆ ಉಳದಿತ್ತು. ರವಿವಾರ ಬರ್ರಿ, ಉಗಿಯಂತ್ರಕ್ಕ ಇನ್ನೊಂದ ಕೈ ಬೇಕಾಗೈತಿ."

ಆ ಯಂತ್ರ ಮುಗಿಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರಿಗೆ ರಾಮದುರ್ಗಕ್ಕೆ ವರ್ಗವಾಯಿತು. ಅಲ್ಲಿ ಸಿಕ್ಕದ್ದು ಎರಡು ಕೋಣೆಯ ಬಾಡಿಗೆ ಮನೆ, ಹಿತ್ತಲಿಲ್ಲ. ಸಣ್ಣ ಹತಾರಗಳನ್ನು ಟ್ರಂಕಿಗೆ ತುಂಬಿಕೊಂಡರು. ಮೋಟಾರು, ಹೊಸ ಸಾಣೆಗಾಲಿ ಮುರಗೋಡದ ಒಬ್ಬ ಕಮ್ಮಾರನ ಪಾಲಾದವು. ಸಾಮಾನು ಏರಿಸಲು ನಾನೂ ಹೋಗಿದ್ದೆ. ಲಾರಿ ಹೊರಡುವ ಮುನ್ನ ಅವರು ಕಮ್ಮಾರನನ್ನು ಕರೆದು ನನ್ನ ಭುಜದ ಮೇಲೆ ಕೈಯಿಟ್ಟರು. ಗೌಡರೂ ಅಲ್ಲೇ ಇದ್ದರು.

"ಗಾಲಿ ವಿಷಯದಾಗ ಏನರ ಸಂಶೆ ಬಂದ್ರ ಈ ಸರ್ ಕಡೆ ಕೇಳಪಾ. ಕೈಯಾಗಿಂದ ಬಿದ್ದದ್ದನ್ನ ಬಿದ್ದೈತಿ ಅಂತ ಬಾಯಿ ಬಿಟ್ಟ ಹೇಳೂ ಮನಷ್ಯಾ ಇವರು."

ಕಮ್ಮಾರ ನನಗೆ ಕೈಮುಗಿದ. ಲಾರಿ ಸವದತ್ತಿ ರಸ್ತೆಗೆ ತಿರುಗಿತು. ಅದೇ ಕೊನೆ. ಎರಡು ವರ್ಷಕ್ಕೆ ಅವರು ರಾಮದುರ್ಗದಲ್ಲೇ ತೀರಿಕೊಂಡರೆಂದು ತಿಳಿಯಿತು.

ಸ್ವಿಚ್ಚು ಒತ್ತಿದ ಮೇಲಷ್ಟೇ ನಾನು ಬಾಯಿ ಬಿಟ್ಟೆ ಎಂಬುದನ್ನು ಅವರು ಅಂದು ಕಮ್ಮಾರನಿಗೆ ಹೇಳಲಿಲ್ಲ. ನಾನೂ ತಿದ್ದಲಿಲ್ಲ.