ಸುರಂಗದ ಬಾಯಲ್ಲಿ ಒಕ್ಕಣ್ಣ ಗಾಡಿ

ಕಾವಲುಗಾರ ಕೈ ಅಡ್ಡ ಹಿಡಿದು ವ್ಯಾನನ್ನು ಸುರಂಗದ ಬಾಯಲ್ಲೇ ನಿಲ್ಲಿಸಿದ. ಮುಂಭಾಗವನ್ನು ಬಗ್ಗಿ ನೋಡಿ ಕಿಟಕಿಯ ಹತ್ತಿರ ಬಂದ.

"ಎಡಗಡೆ ದೀಪ ಉರೀತಿಲ್ಲ ಅಕ್ಕ. ಒಕ್ಕಣ್ಣ ಗಾಡೀನ ಒಳಗೆ ಬಿಡೋ ಹಾಗಿಲ್ಲ."

"ಹೋದ ವಾರ ತಾನೆ ಹೊಸ ಬಲ್ಬ್ ಹಾಕಿದ್ದೆ."

"ಹಾಕಿರಬಹುದು, ಈಗ ಉರೀತಿಲ್ಲವಲ್ಲ. ನಿಮ್ಮ ಹಿಂದಿರೋ ಲಾರಿಗಳು ಹೋದ ಮೇಲೆ ಗೇಟು ಹಾಕ್ತೀನಿ. ಒಳಗೆ ರಿಪೇರಿ ಇದೆ, ಮತ್ತೆ ತೆಗೆಯೋದು ಬೆಳಗ್ಗೆ. ಅಷ್ಟರಲ್ಲಿ ಸರಿಮಾಡಿಕೊಂಡ್ರೆ ಕೊನೇ ಗಾಡಿ ನಿಮ್ಮದು."

ಅವಳು ವ್ಯಾನನ್ನು ಪಕ್ಕಕ್ಕೆ ತಂದಳು. ಸೂರ್ಯ ಬೆಟ್ಟದ ಹಿಂದೆ ಸರಿದಿದ್ದ. ಲಾರಿಗಳು ಒಂದರ ಹಿಂದೊಂದು ಸುರಂಗಕ್ಕೆ ನುಗ್ಗತೊಡಗಿದವು.

ಪಕ್ಕದ ಸೀಟಿನಲ್ಲಿ ಅವಳ ಅಣ್ಣ ಕೂತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು. ಅವನ ಎರಡೂ ಕಣ್ಣುಗಳ ಕರಿಗುಡ್ಡೆಯ ಮುಂದಿನ ಪದರ ಹಾಲುಗಟ್ಟಿದ ಹಾಗೆ ಮಸುಕಾಗಿ, ಈಗ ಬೆಳಕಿದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತಿತ್ತು. ಸುರಂಗದಾಚೆಯ ಊರಿನ ಆಸ್ಪತ್ರೆಯಿಂದ ಮಧ್ಯಾಹ್ನ ಫೋನ್ ಬಂದಿತ್ತು: ದಾನದ ಕಣ್ಣು ಸಿಕ್ಕಿದೆ, ಇಂದೇ ಬಂದು ದಾಖಲಾಗಬೇಕು, ಇಲ್ಲವಾದರೆ ಸರದಿ ಮುಂದಿನವರಿಗೆ. ಹಿಂದೊಮ್ಮೆ ಹೀಗೇ ಕರೆದಾಗ ಅವನಿಗೆ ಜ್ವರವಿತ್ತು. ಕಣ್ಣು ಬೇರೆಯವರ ಪಾಲಾಯಿತು. ಬೆಟ್ಟ ಸುತ್ತಿ ಹೋಗುವ ಹಳೆಯ ದಾರಿ ಹಿಡಿದರೆ ಬೆಳಗಾಗುವುದು ಖಂಡಿತ.

ಅವಳನ್ನು ಸುತ್ತಮುತ್ತಲಿನವರು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಕ್ಯಾಂಪರ್ ವ್ಯಾನೇ ಅವಳ ಅಂಗಡಿ, ಅದೇ ಅವಳ ಮನೆ. ಬೀರುವಿನ ಬಾಗಿಲ ಮೇಲೆ ಕಣ್ಣು ಪರೀಕ್ಷೆಯ ಅಕ್ಷರಗಳು, ಮಡಚುವ ಹಾಸಿಗೆಯ ಕೆಳಗೆ ಫ್ರೇಮುಗಳ ಪೆಟ್ಟಿಗೆಗಳು. ಗಾಜು ಕಂಡರೆ ಅವಳ ಕೈ ಸುಮ್ಮನಿರದು. ನೆಂಟರ ಮನೆಯಲ್ಲಿ ನೀರು ಕೊಟ್ಟರೆ ಲೋಟವನ್ನು ಒರೆಸಿಯೇ ಕುಡಿಯುವಳು; ಅದಕ್ಕೆ ಅತ್ತಿಗೆ ಎಷ್ಟೋ ಸಲ ಮುಖ ಊದಿಸಿಕೊಂಡದ್ದುಂಟು.

ಅವಳು ಇಳಿದು ವ್ಯಾನಿನ ಮುಂದಿನ ಜಾಲರಿಯ ಕ್ಲಿಪ್ಪುಗಳನ್ನು ಬಿಡಿಸಿ ಅದನ್ನು ಕಳಚಿದಳು. ಅವಸರಕ್ಕೆ ಒಂದು ಕ್ಲಿಪ್ಪು ಮುರಿಯಿತು. ದೀಪದ ಹಿಂದಿನ ರಬ್ಬರ್ ಮುಚ್ಚಳ ಎಳೆದು, ವೈರಿನ ಪ್ಲಗ್ಗು ಕಿತ್ತು, ತಂತಿಯ ಸ್ಪ್ರಿಂಗನ್ನು ಸರಿಸಿ ಸುಟ್ಟ ಬಲ್ಬನ್ನು ಹೊರತೆಗೆದಳು. ಉಳಿದದ್ದು ಒಂದೇ ಹೊಸ ಬಲ್ಬು. ಅದರ ಲೋಹದ ಬುಡ ಹಿಡಿದು, ಬಾಯಿಂದ ಹಾ ಎಂದು ಆವಿ ಬಿಟ್ಟು, ಜೇಬಿನ ಬಟ್ಟೆಯಿಂದ ಒಮ್ಮೆ ಒರೆಸಿದಳು.

"ಏನದು ಸದ್ದು?" ಎಂದ ಅಣ್ಣ. "ಬಲ್ಬಿಗೂ ಕನ್ನಡಕದ ಉಪಚಾರ ಮಾಡ್ತಿದ್ದೀಯಾ?"

"ಕೈ ತಾಗಿದ್ರೆ ಬಲ್ಬು ಹಾಳು ಅಂತ ನೀನೇ ಹೇಳಿದ್ದು."

"ಮುಟ್ಟಬೇಡ ಅಂದೆ. ಒರೆಸು ಅಂದೆನಾ?"

ಅವಳ ಕೈ ನಿಂತಿತು. ಬಲಗಡೆಯ ಬಲ್ಬು ಗ್ಯಾರೇಜಿನವನು ಹಾಕಿದ್ದು, ವರ್ಷಗಳಿಂದ ಉರಿಯುತ್ತಿದೆ. ಎಡಗಡೆ ತಾನು ಹಾಕಿದ್ದು ಎರಡು. ಎರಡೂ ಬೇಗ ಸುಟ್ಟುಹೋದವು. ವೈರಿನದೇ ದೋಷ ಎಂದುಕೊಂಡಿದ್ದಳು. ಸುಟ್ಟ ಬಲ್ಬನ್ನು ಬೆಳಕಿಗೆ ಹಿಡಿದಳು. ಗಾಜಿನ ಒಂದು ಮಗ್ಗುಲಲ್ಲಿ ಬಿಳಿ ಮಸುಕು, ಅದರ ನಡುವೆ ಸಣ್ಣ ಗುಳ್ಳೆ. ಅವಳ ಬಟ್ಟೆಗೆ ಕನ್ನಡಕದ ಮೇಲೆ ಮಂಜು ಕೂರದಂತೆ ತಡೆಯುವ ಔಷಧಿಯ ಲೇಪವಿತ್ತು. ಬಿಸಿ ಗಾಜಿನ ಮೇಲೆ ಸುಟ್ಟು ಅಂಟಿದ್ದು ಅದೇ ಲೇಪ.

"ಅಣ್ಣ, ಇದನ್ನೂ ಒರೆಸಿಬಿಟ್ಟೆ."

ಅವನು ಕಿಟಕಿಯಿಂದ ತಲೆ ಹೊರಹಾಕಿದ. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಸ್ಪಿರಿಟ್ ಇದೆಯಾ?"

ಫ್ರೇಮು ತೊಳೆಯುವ ಸ್ಪಿರಿಟ್ ಸೀಸೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಹೊಸ ಹತ್ತಿ ಅದ್ದಿ ಗಾಜಿನ ಸುತ್ತ ಒರೆಸಿದಳು, ಹತ್ತಿ ಬದಲಿಸಿ ಮತ್ತೆ ಒರೆಸಿದಳು. ಸೀಸೆ ಬರಿದಾಯಿತು. ಇನ್ನು ಅದು ತಾನಾಗಿ ಒಣಗಬೇಕು. ಲಾರಿಗಳ ಸಾಲಿನ ಬಾಲ ಕಾಣುತ್ತಿತ್ತು. ಊದಬೇಕೆಂದು ಬಾಯಿ, ಒರೆಸಬೇಕೆಂದು ಕೈ ತವಕಿಸಿದವು. ಬಟ್ಟೆಯನ್ನು ತೆಗೆದು ಅಣ್ಣನ ತೊಡೆಯ ಮೇಲೆ ಹಾಕಿದಳು.

"ಇದನ್ನ ನೀನೇ ಇಟ್ಕೋ. ನಾನು ಕೇಳಿದ್ರೂ ಕೊಡಬೇಡ."

ಒಣಗಿದ ಬಲ್ಬನ್ನು ಕೂರಿಸಿದಳು. ಅದರ ಬುಡದಿಂದ ಚಾಚಿದ ಮೂರು ಲೋಹದ ಕಿವಿಗಳು ಒಂದೇ ರೀತಿಯಲ್ಲಿ ಕೂರುತ್ತವೆ, ಕೂತವು. ಆದರೆ ಸ್ಪ್ರಿಂಗು ಕೊಕ್ಕೆಗೆ ಸಿಕ್ಕದೆ ಜಾರಿತು. ಮತ್ತೆ ಜಾರಿತು.

"ಅಕ್ಕ, ಇನ್ನೆರಡೇ ಲಾರಿ," ಕಾವಲುಗಾರ ಕೂಗಿದ.

ಅಣ್ಣ ಬಟ್ಟೆಯನ್ನು ಜೇಬಿಗೆ ಸೇರಿಸಿ ಇಳಿದು, ವ್ಯಾನಿನ ಮೈ ಸವರಿಕೊಂಡು ಬಂದ. "ಬಲ್ಬು ಒತ್ತಿ ಹಿಡಿ. ಸ್ಪ್ರಿಂಗ್ ಎಲ್ಲಿ, ನನ್ನ ಬೆರಳಿಗೆ ಕೊಡು." ಅವಳು ಅವನ ಹೆಬ್ಬೆರಳನ್ನು ತಂತಿಯ ಮೇಲಿಟ್ಟಳು. ಅವನು ಒತ್ತಿ ಪಕ್ಕಕ್ಕೆ ಸರಿಸಿದ. ಟಕ್ ಎಂದಿತು.

ಪ್ಲಗ್ಗು, ಮುಚ್ಚಳ. ಅವಳು ಓಡಿ ಸ್ವಿಚ್ಚು ಹಾಕಿದಳು.

ಕಾವಲುಗಾರ ಎರಡೂ ದೀಪ ನೋಡಿ, ಕಳಚಿದ ಜಾಲರಿಯನ್ನೂ ನೋಡಿದ. "ಹಲ್ಲಿಲ್ಲದಿದ್ರೂ ಕಣ್ಣಿದೆ. ಹೊರಡಿ."

ಸುರಂಗದೊಳಗೆ ಅವಳ ನೋಟ ಮುಂದಿನ ಕತ್ತಲ ಮೇಲೆ ಬಿದ್ದ ಎರಡು ಬೆಳಕುಗಳನ್ನು ಬಿಟ್ಟು ಅಲುಗಲಿಲ್ಲ. ಅಣ್ಣನಿಗೆ ಬೆಳಕು ತಿಳಿಯುತ್ತಿತ್ತು, ಒಂದೋ ಎರಡೋ ತಿಳಿಯುತ್ತಿರಲಿಲ್ಲ.

"ಎರಡೂ ಇದೆಯಾ?"

"ಇದೆ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದ. "ಈಗ?"

"ಇದೆ ಅಣ್ಣ."

ಆಸ್ಪತ್ರೆಯ ಅಂಗಳದಲ್ಲಿ ವ್ಯಾನು ನಿಂತಾಗಲೂ ಎರಡೂ ಉರಿಯುತ್ತಿದ್ದವು. ನರ್ಸು ಬಂದು ಅವನ ತೋಳು ಹಿಡಿದಳು. ಅವನು ಎರಡು ಹೆಜ್ಜೆ ಹೋದವನು ತಿರುಗಿ, ಜೇಬಿನಿಂದ ಬಟ್ಟೆ ತೆಗೆದು ನರ್ಸಿನ ಕೈಗಿತ್ತ.

"ಇದನ್ನ ನೀವೇ ಇಟ್ಟುಕೊಳ್ಳಿ ಸಿಸ್ಟರ್. ಹೊಸ ಕಣ್ಣು ಹಾಕಿದ ಮೇಲೆ ನನ್ನ ತಂಗಿ ಒರೆಸೋಕೆ ಬರ್ತಾಳೆ."